ಬಲಗಡೆಯ ಖಾಲಿ ಪುಟ

ಎನ್.ಆರ್.ಪುರದಲ್ಲಿ ಗುಜರಿ ಅಂಗಡಿ ಇಟ್ಟುಕೊಂಡಿರುವ ಅಬ್ದುಲ್ ಸತ್ತಾರ್ ಅವರ ಹೆಂಡತಿ ಶಕೀಲಾ, ನಲವತ್ತೇಳನೇ ವಯಸ್ಸಿನಲ್ಲಿ ಬೇಸ್ ಗಿಟಾರ್ ಕಲಿಯಲು ಕೂತಳು ಎಂದರೆ ಬೀದಿಯವರು ನಗದೆ ಇರುತ್ತಾರೆಯೇ? ನಕ್ಕರು. ಎದುರಿಗೆ ನಗಲಿಲ್ಲ, ಅಷ್ಟು ಮರ್ಯಾದೆ ಇಟ್ಟುಕೊಂಡರು. ಮಗಳು ಹೋದ ಮೇಲೆ ತಲೆ ಸ್ವಲ್ಪ ಆಚೀಚೆ ಆಗಿದೆ ಪಾಪ ಎಂದು ಬೆನ್ನ ಹಿಂದೆ ಮಾತಾಡಿಕೊಂಡರು. ತಲೆ ಏನೂ ಆಚೀಚೆ ಆಗಿರಲಿಲ್ಲ. ಆಗಿದ್ದರೆ ಚೆನ್ನಾಗಿತ್ತು ಎಂದು ಶಕೀಲಾಗೆ ಎಷ್ಟೋ ಸಲ ಅನ್ನಿಸಿತ್ತು.

ಆ ಗಿಟಾರು ಮನೆಗೆ ಬಂದದ್ದೇ ಗುಜರಿಯ ತೂಕದಲ್ಲಿ. ಮುಚ್ಚಿಹೋದ ಯಾವುದೋ ಆರ್ಕೆಸ್ಟ್ರಾದವರು ಒಡೆದ ಡ್ರಮ್ಮು, ತುಕ್ಕು ಹಿಡಿದ ಸ್ಟ್ಯಾಂಡುಗಳ ಜೊತೆ ಅದನ್ನೂ ಸತ್ತಾರ್ ಅಂಗಡಿಯ ಮುಂದೆ ಸುರಿದು ಹೋಗಿದ್ದರು. ಆರು ತಂತಿಯಲ್ಲಿ ಎರಡು ಕಿತ್ತು ನಾಲ್ಕು ಉಳಿದಿದೆ ಎಂದುಕೊಂಡ ಸತ್ತಾರ್, ಉಳಿದದ್ದು ತಾಮ್ರವೋ ಸ್ಟೀಲೋ ನೋಡಲು ಉಗುರಿನಿಂದ ಕೆರೆಯುತ್ತಾ ಕೂತಿದ್ದರು. ಕಾಲೇಜಿನಿಂದ ಬಂದ ಮಗಳು ಮೆಹ್ನಾಜ್ ಅದನ್ನು ಅವರ ಕೈಯಿಂದ ಕಿತ್ತುಕೊಂಡಳು.

"ಅಬ್ಬಾಜಾನ್, ಇದಕ್ಕೆ ಇರೋದೇ ನಾಲ್ಕು ತಂತಿ! ಇದು ಬೇಸ್ ಗಿಟಾರು."

"ಹೌದಾ? ನಾಲ್ಕೇ ಆದ್ರೆ ಬೇರೆ ಗಿಟಾರಿಗಿಂತ ಇದು ಇಷ್ಟು ಭಾರ ಎಂತಕ್ಕೆ?" ಎಂದು ಸತ್ತಾರ್ ಕೇಳಿದರು. ಗುಜರಿಯವರು ಲೋಕವನ್ನೆಲ್ಲ ತೂಕದಲ್ಲೇ ನೋಡುವುದು. ಆದರೆ ಮಗಳ ಮುಖ ನೋಡಿ ಮತ್ತೆ ಅದನ್ನು ತಕ್ಕಡಿಗೆ ಇಡಲಿಲ್ಲ. ಮನೆಯೊಳಗೆ ಅವರಾಡುವ ಮಾತು ಉರ್ದು. ಕಥೆಗೆ ಮಾತ್ರ ಕನ್ನಡವೇ ಗತಿ.

ಮೆಹ್ನಾಜ್ ಕೊಪ್ಪದ ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷ. ಅಲ್ಲಿ ಹಾಡುವ ಸೌಂದರ್ಯಾ, ಗಿಟಾರ್ ನುಡಿಸುವ ವಿಘ್ನೇಶ ಸೇರಿ ರಾಕ್ ಹಾಡುಗಳ ಒಂದು ಬ್ಯಾಂಡು ಕಟ್ಟಿದ್ದರು. ಬೇಸ್ ನುಡಿಸುವವರು ಸಿಗದೆ ತಲೆ ಕೆಡಿಸಿಕೊಂಡಿದ್ದಾಗ ಗುಜರಿಯಿಂದ ಎದ್ದುಬಂದ ಹಾಗೆ ಇವಳು ಸಿಕ್ಕಳು. ಭಾನುವಾರ ಭಾನುವಾರ ಕೊಪ್ಪದಲ್ಲಿ ಪ್ರಾಕ್ಟೀಸು. ಉಳಿದ ದಿನ ಮನೆಯಲ್ಲೇ. ಸದ್ದು ದೊಡ್ಡದು ಮಾಡುವ ಪೆಟ್ಟಿಗೆ ಮನೆಯಲ್ಲಿರಲಿಲ್ಲ. ಆದರೆ ಗಿಟಾರಿನ ಬುಡವನ್ನು ಮರದ ಬೀರುವಿಗೆ ಒತ್ತಿಹಿಡಿದು ಮೀಟಿದರೆ ಬೀರುವೇ ಗುಂಯ್ ಎನ್ನುತ್ತದೆ ಎಂದು ಹುಡುಗಿ ಕಂಡುಹಿಡಿದಿದ್ದಳು. ಬೀರು ನಿಂತಿದ್ದದ್ದು ಅಡುಗೆಮನೆಯ ಗೋಡೆಗೆ. ಅವಳು ಅಲ್ಲಿ ಮೀಟಿದರೆ ಇಲ್ಲಿ ಹಲಗೆಯ ಮೇಲಿನ ತಟ್ಟೆಗಳು ಕಿಣಿಕಿಣಿ ಅನ್ನುತ್ತಿದ್ದವು.

ಶಕೀಲಾಗೆ ಇದು ಯಾವುದೂ ಹಿಡಿಸಿರಲಿಲ್ಲ. ಹೆಣ್ಣುಮಗು, ನಾಳೆ ಮದುವೆಯ ಮಾತು ಬಂದಾಗ ಸ್ಟೇಜಿನ ಮೇಲೆ ಗಿಟಾರ್ ನೇತುಹಾಕಿಕೊಂಡು ನಿಂತಿದ್ದಳು ಎಂದು ಯಾರಾದರೂ ಅಂದರೆ? ಗಂಡನಿಗೆ ಹೇಳಿದರೆ "ಇರ್ಲಿ ಬಿಡು ಮಾರಾಯ್ತಿ, ಓದು ಮುಗಿಯೋವರೆಗೆ" ಎಂದು ಜಾರಿಕೊಳ್ಳುತ್ತಿದ್ದರು. ಹಾಗಾಗಿ ಬೈಯುವ ಕೆಲಸವೆಲ್ಲ ಅವಳ ಪಾಲಿಗೇ ಬಂತು.

ಹೋದ ವರ್ಷ ಫೆಬ್ರವರಿಯ ಒಂದು ಶನಿವಾರ. ಕಾಳುಮೆಣಸಿನ ಕೊಯ್ಲು ನಡೆಯುತ್ತಿತ್ತು. ಗಂಡಸರು ಏಣಿ ಹತ್ತಿ ಕೊಯ್ದರೆ ಹೆಂಗಸರು ಬಳ್ಳಿಯ ಬುಡದಲ್ಲಿ ಕೂತು ತರಗೆಲೆ ಸರಿಸಿ ಉದುರಿದ ಕಾಳು ಹೆಕ್ಕಬೇಕು. ಸೀಸನ್ನಿನಲ್ಲಿ ಶಕೀಲಾ ಕೈಖರ್ಚಿಗೆಂದು ಆ ಕೆಲಸಕ್ಕೆ ಹೋಗುವುದಿತ್ತು. ಆಳುಗಳನ್ನು ಒಟ್ಟು ಮಾಡುವ ಪ್ರೇಮಕ್ಕ ಅವತ್ತು ಸಂಜೆ ಬಾಗಿಲಲ್ಲಿ ನಿಂತು, "ನಾಳೆ ಒಂದು ಆಳು ಕಮ್ಮಿ ಬೀಳ್ತಿದೆ ಶಕೀಲಾ. ನಿಮ್ ಕೂಸಿಗೆ ರಜೆ ಅಲ್ದಾ, ಕರ್ಕೊಂಡ್ ಬಾ" ಎಂದಳು. ಶಕೀಲಾ ಹಿಂದುಮುಂದು ನೋಡದೆ ಒಪ್ಪಿಕೊಂಡಳು. ನಾಳೆ ಭಾನುವಾರ, ಕೊಪ್ಪದ ಪ್ರಾಕ್ಟೀಸು ಇದೆ ಎಂದು ಗೊತ್ತಿದ್ದೇ ಒಪ್ಪಿಕೊಂಡಳು. ಅದೊಂದು ಭಾನುವಾರವಾದರೂ ತಪ್ಪಲಿ ಎಂಬುದೇ ಅವಳ ಲೆಕ್ಕ.

ಪ್ರೇಮಕ್ಕ ಹೋದ ಮೇಲೆ ರೊಟ್ಟಿ ತಟ್ಟುತ್ತಿದ್ದಾಗ ಗೋಡೆಯಾಚೆಯಿಂದ ಸದ್ದು ಶುರುವಾಯಿತು. ಧುಂ, ಧುಂ. ತಟ್ಟೆಗಳು ಅದುರತೊಡಗಿದವು. ಸ್ವಲ್ಪ ನುಡಿಸುವುದು, ನಿಲ್ಲಿಸಿ ಬರೆಯುವುದು, ಮತ್ತೆ ಮೊದಲಿನಿಂದ ನುಡಿಸುವುದು. ಶಕೀಲಾಗೆ ರೇಗಿತು.

"ಸಾಕು ನಿಲ್ಸೇ ಅದನ್ನ! ಪಾತ್ರೆ ಎಲ್ಲ ಕುಣೀತಾ ಇದೆ. ಊಟ ಮಾಡಿ ಮಲ್ಕೋ. ಬೆಳಿಗ್ಗೆ ಏಳಕ್ಕೆ ಜೀಪು ಬರುತ್ತೆ, ನೀನೂ ಬರ್ಬೇಕು ಮೆಣಸು ಹೆಕ್ಕೋಕೆ."

ಸದ್ದು ನಿಂತಿತು. ಮೆಹ್ನಾಜ್ ಮುಖ ಊದಿಸಿಕೊಂಡು ಬಂದು ಉಂಡಳು, ಬೆಳಿಗ್ಗೆ ಮುಖ ಊದಿಸಿಕೊಂಡೇ ಜೀಪು ಹತ್ತಿದಳು. ಕಾಡಿನಂಚಿನ ತೋಟ ಅದು. ಆಶಾ ಕಾರ್ಯಕರ್ತೆ ಮನೆಮನೆಗೆ ಕೊಟ್ಟುಹೋಗಿದ್ದ, ರಕ್ತ ಹೀರುವ ಉಣುಗು ಕಚ್ಚದ ಹಾಗೆ ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿ ಕಿಟಕಿಯಲ್ಲೇ ಉಳಿಯಿತು. ಜೀಪಿನಲ್ಲಿ ನೆನಪಾದಾಗ ಶಕೀಲಾ, ಒಂದು ದಿನಕ್ಕೆ ಎಂತ ಆಗುತ್ತೆ ಎಂದುಕೊಂಡಳು. ಐದನೇ ದಿನ ಹುಡುಗಿಗೆ ಜ್ವರ ಬಂತು. ರಕ್ತ ಪರೀಕ್ಷೆಯಲ್ಲಿ, ಕಾಡಿನ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಎಂದಾಯಿತು. ಶಿವಮೊಗ್ಗದಲ್ಲಿ ಡಾಕ್ಟರುಗಳು ಮಾಡುವುದನ್ನೆಲ್ಲ ಮಾಡಿದರು, ಯಾರದೂ ತಪ್ಪಿಲ್ಲ. ಹದಿನಾಲ್ಕನೇ ದಿನ ಮೆಹ್ನಾಜ್ ಇರಲಿಲ್ಲ.

ಯಾರದೂ ತಪ್ಪಿಲ್ಲ ಎಂದು ಎಲ್ಲರೂ ಶಕೀಲಾಗೆ ಹೇಳಿದರು. ಅದೇ ಉಣುಗುಗಳ ನಡುವೆ ಇಡೀ ದಿನ ಕೂತಿದ್ದ ಅವಳಿಗೆ ಒಂದು ನೆಗಡಿಯೂ ಬರಲಿಲ್ಲ. ದೇವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಎಂದು ಬಲ್ಲ ಹೆಂಗಸು ಅವಳು. ಹಾಗಾಗಿ ಇದ್ದ ಸಿಟ್ಟನ್ನೆಲ್ಲ ತನ್ನ ಮೇಲೆ ಸುರಿದುಕೊಂಡಳು.

ಮೂರು ತಿಂಗಳಾದ ಮೇಲೆ ಅವಳಿಗೆ ಒಂದು ಹೊಸ ಹೆದರಿಕೆ ಹುಟ್ಟಿತು. ಮಗಳು ಅವತ್ತು ಸಂಜೆ ನುಡಿಸುತ್ತಿದ್ದದ್ದು ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಹೋದರೆ ತಟ್ಟೆಗಳ ಕಿಣಿಕಿಣಿ ನೆನಪಾಗುತ್ತಿತ್ತು, ತನ್ನ ಕೂಗು ನೆನಪಾಗುತ್ತಿತ್ತು, ಮಗಳ ಸದ್ದು ಮಾತ್ರ ಬರುತ್ತಿರಲಿಲ್ಲ. ವರ್ಷಕ್ಕೂ ಮೇಲೆ ಗೋಡೆಯಾಚೆ ನುಡಿದದ್ದನ್ನು ಅವಳು ಒಂದು ದಿನವೂ ಕಿವಿಗೊಟ್ಟು ಕೇಳಿರಲಿಲ್ಲ. ಕೇಳದ್ದು ನೆನಪಾಗುವುದಾದರೂ ಹೇಗೆ?

ಮೆಹ್ನಾಜಳ ಫೋನಿಗೆ ಲಾಕ್ ಇತ್ತು. ತೆಗೆಸಲು ಕೊಟ್ಟಾಗ ಒಳಗಿದ್ದದ್ದೆಲ್ಲ ಅಳಿಸಿಹೋಗಿ, ಅಂಗಡಿಯಲ್ಲಿ ಆಗತಾನೇ ಕೊಂಡ ಹಾಗೆ ಖಾಲಿಯಾಗಿ ವಾಪಸು ಬಂತು. ಸೌಂದರ್ಯಾ ತನ್ನ ಫೋನಿನಿಂದ ಪ್ರಾಕ್ಟೀಸಿನ ಒಂದು ವಿಡಿಯೋ ಕಳಿಸಿದಳು. ಅದರಲ್ಲಿ ಸೌಂದರ್ಯಾ ಹಾಡುವುದು ಕೇಳುತ್ತಿತ್ತು, ವಿಘ್ನೇಶನ ಗಿಟಾರು ಕೇಳುತ್ತಿತ್ತು, ಡ್ರಮ್ಮು ಕೇಳುತ್ತಿತ್ತು. ಮೂಲೆಯಲ್ಲಿ ದುಪಟ್ಟಾ ಸೊಂಟಕ್ಕೆ ಬಿಗಿದು ನಿಂತ ಮೆಹ್ನಾಜಳ ಬೆರಳುಗಳು ತಂತಿಯ ಮೇಲೆ ಓಡುತ್ತಿದ್ದವು, ಸದ್ದೇ ಇರಲಿಲ್ಲ. ಶಕೀಲಾ ಫೋನನ್ನು ಕಿವಿಗೆ ಒತ್ತಿಹಿಡಿದು ಇಪ್ಪತ್ತು ಸಲ ಕೇಳಿದಳು.

"ಬೇಸ್ ಅಷ್ಟು ಕೆಳಗಿನ ಸ್ವರ ಆಂಟಿ, ಫೋನಲ್ಲಿ ಬರೋದೇ ಇಲ್ಲ" ಎಂದು ಸೌಂದರ್ಯಾ ಅಳುಕುತ್ತಾ ಹೇಳಿದಳು. "ಎದುರಿಗೆ ಕೂತೇ ಕೇಳ್ಬೇಕು."

ಎದುರಿಗೆ ಕೂರುವ ಕಾಲದಲ್ಲಿ ಇವಳು ರೊಟ್ಟಿ ತಟ್ಟುತ್ತಿದ್ದಳು.

ಆಗ ಸಿಕ್ಕಿತು ಆ ನೋಟ್ ಬುಕ್ಕು. ಬೀರುವಿನ ಕೆಳಗಿನ ಖಾನೆಯಲ್ಲಿತ್ತು. ನೋಡಿದ ಕೂಡಲೇ ಶಕೀಲಾಗೆ ಗುರುತು ಸಿಕ್ಕಿತು, ಅದು ಅವಳೇ ತಂದದ್ದು. ಶಕೀಲಾಳ ತವರು ಶೃಂಗೇರಿ ಕಡೆಯ ಬೇಗಾರ್. ಅಲ್ಲಿ ಮನೆಗೆ ಬರುತ್ತಿದ್ದ ವಯಸ್ಸಾದ ಉಸ್ತಾದರೊಬ್ಬರು ಅವಳಿಗೆ ಉರ್ದು ಓದಲು ಬರೆಯಲು ಕಲಿಸಿದ್ದರು. ಕನ್ನಡ ಶಾಲೆಗೆ ಹೋಗುವ ವಯಸ್ಸಿಗೆ ತಮ್ಮಂದಿರನ್ನು ಎತ್ತಿಕೊಳ್ಳುವ ಕೆಲಸ ಬಂದು, ಕನ್ನಡದ ಮಾತು ಸಲೀಸಾಗಿ ಬಂದರೂ ಅಕ್ಷರ ಬಸ್ಸಿನ ಬೋರ್ಡಿಗೇ ನಿಂತುಹೋಯಿತು. ಹಾಗಾಗಿ ಮಗಳಿಗೆ ಐದು ತುಂಬಿದಾಗ ತನಗೆ ಬರುವ ಒಂದೇ ವಿದ್ಯೆಯನ್ನು ಕಲಿಸಲೆಂದು ಈ ಉದ್ದ ನೋಟ್ ಬುಕ್ಕು ತಂದಿದ್ದಳು. ಪುಟ್ಟ ಮುಷ್ಟಿಯನ್ನು ತನ್ನ ಕೈಯೊಳಗೆ ಹಿಡಿದು ಅಲಿಫ್, ಬೇ ಅಕ್ಷರಗಳನ್ನು ಬರೆಸುತ್ತಿದ್ದಳು. ಕನ್ನಡ ಶಾಲೆಗೆ ಹೋಗುತ್ತಿದ್ದ ಹುಡುಗಿ ಮರೆತು ಎಡಗಡೆ ಪೆನ್ಸಿಲ್ ಊರಿದರೆ ಕೈಮೇಲೆ ಮೆಲ್ಲಗೆ ಒಂದು ಬಿಡುವುದು. "ಬಲಗಡೆಯಿಂದ ಬೇಟಿ, ಬಲಗಡೆಯಿಂದ."

ಈಗ ಶಕೀಲಾ ಆ ಪುಸ್ತಕವನ್ನು ಬಲಗಡೆಯಿಂದ ಬಿಡಿಸಿದಳು. ಮೊದಲಿಗೆ ಸೊಟ್ಟ ಅಲಿಫ್‌ಗಳು. ಒಂದೊಂದೇ ಹಾಳೆ ದಾಟಿದ ಹಾಗೆ ನೆಟ್ಟಗಾದ ಅಲಿಫ್‌ಗಳು. ಉರ್ದುವಿನ ಕೊನೆಯ ಹಾಳೆ ಮಗುಚಿದರೆ ಬೇರೆಯೇ ಬರವಣಿಗೆ. ಎದುರುಬದುರಿನ ಎರಡೂ ಪುಟಗಳ ಮೇಲೆ ಸ್ಕೇಲ್ ಇಟ್ಟು ಎಳೆದ ನಾಲ್ಕು ಉದ್ದ ಗೆರೆಗಳು, ನಡುವೆ ಸಿಕ್ಕಿಸಿಟ್ಟ ಪೆನ್ನು. ಅದರಾಚೆಗೂ ಇಂಥವೇ ಪುಟಗಳಿದ್ದವು, ಆದರೆ ಪೆನ್ನು ಇದ್ದದ್ದು ಇಲ್ಲಿ. ಬಲಪುಟದಲ್ಲಿ ಬರೀ ಗೆರೆ. ಎಡಪುಟದಲ್ಲಿ ಗೆರೆಗಳ ಮೇಲೆ ಅಲ್ಲಲ್ಲಿ ಅಂಕೆಗಳು: ಏಳು, ಏಳು, ಐದು, ಸೊನ್ನೆ. ಎಡಪುಟದ ಆಚೆ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಏನೋ ಎರಡು ಪದ. ಅವತ್ತು ಸಂಜೆ ನುಡಿಸಿ ಬರೆದದ್ದು ಇದೇ, ಬರೆದು ಮುಗಿಸಿ ರುಜು ಹಾಕಿದ್ದಾಳೆ ಎಂದುಕೊಂಡಳು.

ಸೌಂದರ್ಯಾಗೆ ಫೋನ್ ಮಾಡಿ ಕೇಳಿದಳು.

"ಅದು ಟ್ಯಾಬ್ ಆಂಟಿ. ಸರಿಗಮ ಗೊತ್ತಿಲ್ದೋರೂ ನುಡಿಸ್ಬಹುದು" ಎಂದಳು ಸೌಂದರ್ಯಾ. "ನಾಲ್ಕು ಗೆರೆ ಅಂದ್ರೆ ನಾಲ್ಕು ತಂತಿ. ಎಲ್ಲಕ್ಕಿಂತ ದಪ್ಪ ತಂತಿ ಕೆಳಗಿನ ಗೆರೆ. ಕೈಯಲ್ಲಿ ಹಿಡಿದಾಗ ಅದು ಮೇಲಿರುತ್ತೆ, ಕನ್‌ಫ್ಯೂಸ್ ಮಾಡ್ಕೋಬೇಡಿ. ಗಿಟಾರಿನ ಕತ್ತಿನ ಮೇಲೆ ಲೋಹದ ಪಟ್ಟಿ ಇದಾವಲ್ಲ, ಎರಡು ಪಟ್ಟಿ ಮಧ್ಯ ಒಂದು ಮನೆ. ಅಂಕೆ ಅಂದ್ರೆ ಎಷ್ಟನೇ ಮನೇಲಿ ಬೆರಳು ಒತ್ಬೇಕು ಅಂತ. ಸೊನ್ನೆ ಇದ್ರೆ ಬೆರಳೇ ಇಡೋದು ಬೇಡ, ಸುಮ್ನೆ ಮೀಟೋದು."

"ಒಂದಾದ ಮೇಲೆ ಇನ್ನೊಂದಕ್ಕೆ ಎಷ್ಟು ಹೊತ್ತು ಬಿಡ್ಬೇಕು?"

"ಅದು ಟ್ಯಾಬಲ್ಲಿ ಇರಲ್ಲ ಆಂಟಿ. ಹಾಡು ಕೇಳಿ ಗೊತ್ತಾಗ್ಬೇಕು. ಪುಟದ ಫೋಟೋ ಕಳ್ಸಿ, ಯಾವ ಹಾಡು ಅಂತ ನೋಡಿ ಹೇಳ್ತೀನಿ."

ಶಕೀಲಾ ಫೋಟೋ ಕಳಿಸಲಿಲ್ಲ. ಇದೊಂದು ಅವಳ ತಪ್ಪೇ. ಆ ಪುಟವನ್ನು ಇನ್ನೊಬ್ಬರ ಕಣ್ಣಿಗೆ ಕೊಟ್ಟರೆ ಅದು ಎಲ್ಲರದೂ ಆಗಿಬಿಡುತ್ತದೆ, ತನಗೆಂದು ಉಳಿದದ್ದು ಅದೊಂದೇ ಎಂದು ಜಿಪುಣಿಯ ಹಾಗೆ ಮುಚ್ಚಿಟ್ಟುಕೊಂಡಳು. ಇನ್ನು ಗೆರೆಯನ್ನು ಯಾವ ಕಡೆಯಿಂದ ಓದಬೇಕೆಂದು ಸೌಂದರ್ಯಾ ಹೇಳಲಿಲ್ಲ, ಇವಳು ಕೇಳಲೂ ಇಲ್ಲ. ಪುಸ್ತಕವನ್ನು ಎಲ್ಲಿಂದ ಓದಬೇಕು ಎಂದು ಓದು ಬರುವವರು ಯಾರಾದರೂ ಕೇಳುತ್ತಾರೆಯೇ?

ಹೀಗೆ ಶುರುವಾಯಿತು ಶಕೀಲಾಳ ಕಲಿಕೆ. ಮಧ್ಯಾಹ್ನ ಸತ್ತಾರ್ ಉಂಡು ಅಂಗಡಿಗೆ ಹೋದ ಮೇಲೆ ಬೀರುವಿನ ಪಕ್ಕ ಚಾಪೆ ಹಾಸಿ, ಗಿಟಾರಿನ ಬುಡವನ್ನು ಬೀರುವಿಗೆ ಒತ್ತಿ, ನೋಟ್ ಬುಕ್ಕನ್ನು ಮಣೆಯ ಮೇಲೆ ಬಿಡಿಸಿಟ್ಟುಕೊಂಡು ಕೂರುತ್ತಿದ್ದಳು. ಸೈಕಲ್ ಬ್ರೇಕಿನ ವೈರಿನಷ್ಟು ದಪ್ಪ ತಂತಿಗಳು. ಮೊದಲ ವಾರವೇ ಬೆರಳ ತುದಿಯಲ್ಲಿ ಬೊಬ್ಬೆ ಬಂತು, ಒಡೆಯಿತು, ಉಪ್ಪು ಖಾರ ಮುಟ್ಟಿದರೆ ಪ್ರಾಣ ಹೋಗುವಷ್ಟು ಉರಿಯಿತು. ಉರಿಯಲಿ ಎಂದು ಅವಳಿಗೆ ಒಳಗೊಳಗೇ ಸಮಾಧಾನ. ಎರಡು ತಿಂಗಳಿಗೆ ಬೆರಳು ಜಡ್ಡುಗಟ್ಟಿ ಏನೂ ಗೊತ್ತಾಗದ ಹಾಗಾಯಿತು. ಆಗ ಅವಳಿಗೆ ಬೇಜಾರಾಯಿತು.

ಬಲಪುಟದ ಖಾಲಿ ಗೆರೆಗಳ ಅರ್ಥ ಅವಳಿಗೆ ಮೊದಲ ದಿನವೇ ಹೊಳೆದಿತ್ತು. ಹಾಡು ಶುರುವಾಗುವ ಮೊದಲು ಕಾಯಬೇಕು ಎಂದಲ್ಲದೆ ಇನ್ನೇನು? ಬೇರೆಯವರು ನುಡಿಸುತ್ತಿರುತ್ತಾರೆ, ಬೇಸಿನವಳು ಸುಮ್ಮನೆ ನಿಂತು ತನ್ನ ಸರದಿಗೆ ಕಾಯುತ್ತಾಳೆ. ಎಷ್ಟು ಹೊತ್ತು ಎಂದು ಬರೆದಿರಲಿಲ್ಲವಾದ್ದರಿಂದ ತಾನೇ ಇಪ್ಪತ್ತು ಎಂದು ಗೊತ್ತುಮಾಡಿಕೊಂಡಳು. ಕೈಯನ್ನು ತಂತಿಯ ಮೇಲಿಟ್ಟು ಮನಸ್ಸಿನಲ್ಲೇ ಇಪ್ಪತ್ತು ಎಣಿಸಿ, ಆಮೇಲೆ ಮೊದಲ ಸ್ವರ ಮೀಟುವುದು. ಒಂದು ಕಡೆ ಎರಡು ನಿಮಿಷ ಕೂರದ ಹುಡುಗಿ, ಊಟದ ತಟ್ಟೆಯ ಮುಂದೆ ಕೂತರೂ ಕಾಲು ಕುಣಿಸುತ್ತಿದ್ದವಳು, ಒಂದು ಇಡೀ ಪುಟದಷ್ಟು ಕಾಯುವುದನ್ನು ಕಲಿತಿದ್ದಳಲ್ಲ ಎಂದು ಶಕೀಲಾಗೆ ಹೆಮ್ಮೆಯೆನಿಸುತ್ತಿತ್ತು. ನಿಜ ಹೇಳಬೇಕೆಂದರೆ ಆ ಇಡೀ ವರ್ಷದಲ್ಲಿ ಅವಳಿಗೆ ಸ್ವಲ್ಪ ನೆಮ್ಮದಿ ಸಿಕ್ಕಿದ್ದು ಆ ಇಪ್ಪತ್ತು ಎಣಿಸುವ ಹೊತ್ತಿನಲ್ಲೇ. ಮಗಳೂ ಪಕ್ಕದಲ್ಲಿ ಕೂತು ಎಣಿಸುತ್ತಿದ್ದಾಳೆ ಅನ್ನಿಸುತ್ತಿತ್ತು.

ಆಮೇಲೆ ಮೂವತ್ತೊಂದು ಅಂಕೆಗಳು. ಬಲದಿಂದ ಎಡಕ್ಕೆ, ಒಂದೊಂದಾಗಿ. ಸ್ವರ ದಪ್ಪ ತಂತಿಯಲ್ಲಿ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾ ಹೋಗುತ್ತಿತ್ತು. ಬೀರು ಗುಂಯ್ ಎನ್ನುತ್ತಿತ್ತು, ಅಡುಗೆಮನೆಯ ತಟ್ಟೆಗಳು ಅದುರುತ್ತಿದ್ದವು. ಸದ್ದೇನೋ ಅದೇ. ಹಾಡು ಮಾತ್ರ ಅದಲ್ಲ. ಇದಲ್ಲ, ಇದಲ್ಲ ಎಂದು ಒಳಗಿನಿಂದ ಯಾರೋ ತಲೆ ಅಲ್ಲಾಡಿಸುತ್ತಿದ್ದರು. ತಪ್ಪು ತನ್ನ ಬೆರಳಿನದು, ಇನ್ನೂ ಬೇಗ ನುಡಿಸಬೇಕು, ಇನ್ನೂ ನಿಧಾನ ನುಡಿಸಬೇಕು ಎಂದುಕೊಂಡು ಶಕೀಲಾ ಮತ್ತೆ ಇಪ್ಪತ್ತು ಎಣಿಸುತ್ತಿದ್ದಳು. ಮಳೆಗಾಲ ಹೋಯಿತು, ಚಳಿ ಬಂತು, ಅಂಕೆಗಳು ಕಣ್ಣು ಮುಚ್ಚಿದರೂ ಬರುವ ಹಾಗಾದವು. ಹಾಡು ಬರಲಿಲ್ಲ.

ಒಂದು ದಿನ ಸತ್ತಾರ್ ಅವಳ ಹತ್ತಿರ ಬಂದು ಕೂತರು. ಅವರೂ ಒಂದು ವರ್ಷದಲ್ಲಿ ಹತ್ತು ವರ್ಷ ಮುದುಕರಾಗಿದ್ದರು.

"ವಿಘ್ನೇಶ ಫೋನ್ ಮಾಡಿದ್ದ" ಎಂದರು. "ಮುಂದಿನ ವಾರ ಶೃಂಗೇರಿಲಿ ಅವ್ರ ಪ್ರೋಗ್ರಾಂ ಇದ್ಯಂತೆ. ಮೆಹ್ನಾಜ್ ಹೆಸರಲ್ಲಿ ಮಾಡ್ತಾರಂತೆ. ಅವಳದ್ದೇ ಗಿಟಾರ್ ಸಿಕ್ಕಿದ್ರೆ ಅಂತ ಕೇಳ್ದ. ಕೊಡ್ತೀನಿ ಅಂದೆ ಶಕೀಲಾ. ಅದು ಇಲ್ಲಿದ್ರೆ ನೀನು ಉಳಿಯಲ್ಲ."

ಶಕೀಲಾ ನೋಟ್ ಬುಕ್ಕು ಮುಚ್ಚಿದಳು.

"ಕೊಡೋಣ. ಆದ್ರೆ ನಾನೇ ತಗೊಂಡ್ ಹೋಗಿ ಕೊಡ್ತೀನಿ. ಕೊಡೋ ಮುಂಚೆ ಆ ಪುಟ ಅವ್ರ ಮುಂದೆ ಒಂದ್ಸಲ ನುಡಿಸ್ತೀನಿ. ಅವತ್ತು ಸಂಜೆ ಅವಳು ಎಂತ ನುಡಿಸ್ತಿದ್ಳು ಅಂತ ನಂಗೆ ಒಂದ್ಸಲ ಕೇಳ್ಬೇಕು, ಅಷ್ಟೇ. ಅಲ್ಲಿ ಸದ್ದು ದೊಡ್ಡದು ಮಾಡೋ ಪೆಟ್ಟಿಗೆ ಇದೆ. ಅದ್ರಲ್ಲಾದ್ರೂ ಸರಿಯಾಗಿ ಕೇಳುತ್ತೇನೋ."

ಭಾನುವಾರ ಬೆಳಿಗ್ಗೆ ಗಿಟಾರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ನೋಟ್ ಬುಕ್ಕನ್ನು ಕೈಚೀಲದಲ್ಲಿಟ್ಟು ಕೊಪ್ಪದ ಬಸ್ಸು ಹತ್ತಿದಳು. ಬಸ್ ಸ್ಟ್ಯಾಂಡಿನಲ್ಲಿ ಸೌಂದರ್ಯಾ ಕಾಯುತ್ತಿದ್ದಳು. ವಿಘ್ನೇಶನ ಅಪ್ಪನ ಅಡಿಕೆ ಮಂಡಿಯ ಮಹಡಿಯೇ ಅವರ ಪ್ರಾಕ್ಟೀಸಿನ ಕೋಣೆ. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಖಾಲಿ ಗೋಣಿಚೀಲ ಹೊಡೆದಿದ್ದರು. ವಿಡಿಯೋದಲ್ಲಿ ಮೆಹ್ನಾಜ್ ನಿಂತಿದ್ದ ಮೂಲೆಯನ್ನು ಶಕೀಲಾ ಕೂಡಲೇ ಗುರುತಿಸಿದಳು. ಅಲ್ಲೊಂದು ಸ್ಟೂಲು ಇಟ್ಟಿದ್ದರು.

ವಿಘ್ನೇಶ ಬೆಡ್‌ಶೀಟು ಬಿಚ್ಚಿ, ತಂತಿಗಳ ಬಿಗಿ ಸರಿಮಾಡಿ, ಪೆಟ್ಟಿಗೆಯ ವೈರು ಚುಚ್ಚಿ ಗಿಟಾರನ್ನು ಎರಡೂ ಕೈಯಲ್ಲಿ ಅವಳಿಗೆ ಕೊಟ್ಟ.

"ಯಾವ ಹಾಡು ಆಂಟಿ?"

"ಹೆಸರು ಗೊತ್ತಿಲ್ಲ ಮಗಾ. ನೀವು ಕೇಳಿ ಹೇಳಿ" ಎಂದಳು ಶಕೀಲಾ.

ಸ್ಟೂಲಿನ ಮೇಲೆ ಕೂತು ಇಪ್ಪತ್ತು ಎಣಿಸಿದಳು. ಇಬ್ಬರೂ ಅವಳ ಮುಖ ನೋಡುತ್ತಾ ನಿಂತಿದ್ದರು. ಆಮೇಲೆ ಮೀಟಿದಳು. ಮೊದಲ ಸ್ವರಕ್ಕೇ ಕಾಲಡಿಯ ಹಲಗೆ ನಡುಗಿತು, ಎದೆಯೊಳಗೆ ಯಾರೋ ತಟ್ಟಿದ ಹಾಗಾಯಿತು. ಮಗಳು ನಿಂತ ಜಾಗ ಇದು, ಹೀಗೆ ನಡುಗುತ್ತಿತ್ತು ಅವಳ ಕಾಲಡಿ. ಕಣ್ಣು ಮುಚ್ಚಿಕೊಂಡು ಮೂವತ್ತೊಂದು ಅಂಕೆಗಳನ್ನೂ ಒಂದೂ ತಪ್ಪದೆ ನುಡಿಸಿದಳು. ಇಷ್ಟು ತಿಂಗಳಲ್ಲಿ ಒಮ್ಮೆಯೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಕಣ್ಣು ಬಿಟ್ಟಾಗ ಸೌಂದರ್ಯಾ ದುಪಟ್ಟಾದ ತುದಿ ಹಿಸುಕುತ್ತಿದ್ದಳು.

"ತುಂಬಾ ಚೆನ್ನಾಗಿ ನುಡಿಸಿದ್ರಿ ಆಂಟಿ."

"ಯಾವ ಹಾಡು?"

ಸೌಂದರ್ಯಾ ವಿಘ್ನೇಶನ ಕಡೆ ನೋಡಿದಳು. ಅವನು ತಲೆ ಕೆರೆದುಕೊಂಡ. "ನಮ್ಮ ಲಿಸ್ಟಲ್ಲಿ ಇರೋದಲ್ಲ ಅನ್ಸುತ್ತೆ. ಪುಟ ತಂದಿದೀರಾ?"

ಶಕೀಲಾ ಎದ್ದು ನೋಟ್ ಬುಕ್ಕು ಬಿಡಿಸಿ ಸ್ಟೂಲಿನ ಮೇಲಿಟ್ಟಳು. ಬೆರಳನ್ನು ಬಲಪುಟದ ಅಂಚಿನಲ್ಲಿಟ್ಟು, "ಇಲ್ಲಿಂದ ಇಲ್ಲೀತನಕ ಸುಮ್ನೆ ಇರೋದು. ಆಮೇಲೆ ಇಲ್ಲಿಂದ ಶುರು" ಎಂದು ಎಡಕ್ಕೆ ಸರಿಸುತ್ತಾ ಹೋದಳು. ಬೆರಳು ಎಡಪುಟದ ಮೂಲೆಯ ಇಂಗ್ಲಿಷ್ ಪದಗಳಿಗೆ ಬಂದು ಮುಟ್ಟಿತು. "ಇದು ಕೊನೆಗೆ ಅವಳ ರುಜು."

ಸೌಂದರ್ಯಾಳ ಕಣ್ಣಲ್ಲಿ ನೀರು ತುಂಬಿದ್ದನ್ನು ನೋಡಿ, ಹುಡುಗಿಗೆ ಗೆಳತಿಯ ಅಕ್ಷರ ಕಂಡು ದುಃಖ ಬಂತು ಎಂದುಕೊಂಡಳು ಶಕೀಲಾ. ವಿಘ್ನೇಶ ಒಳ್ಳೆಯ ಹುಡುಗನೇ, ಆದರೆ ಸೌಂದರ್ಯಾ ಕಣ್ಣಲ್ಲೇ ಬೇಡ ಎಂದದ್ದು ಅವನಿಗೆ ಕಾಣಲಿಲ್ಲ.

"ಆಂಟಿ, ಅದು ರುಜು ಅಲ್ಲ. ಹಾಡಿನ ಹೆಸರು. ಟ್ಯಾಬ್ ಓದೋದು ಎಡಗಡೆಯಿಂದ. ನೀವು ಕೊನೆಯಿಂದ ಮೊದಲಿಗೆ ನುಡಿಸಿದ್ರಿ."

ಶಕೀಲಾಗೆ ತಕ್ಷಣ ಅರ್ಥವಾಗಲಿಲ್ಲ. ಪುಸ್ತಕ ನೋಡಿದಳು, ವಿಘ್ನೇಶನ ಮುಖ ನೋಡಿದಳು. ಮೆಲ್ಲಗೆ ಗಿಟಾರನ್ನು ಅವನಿಗೆ ಕೊಟ್ಟಳು.

"ನೀನು ನುಡ್ಸು."

ಅವನು ಪುಟದ ಮೇಲೆ ಒಮ್ಮೆ ಕಣ್ಣಾಡಿಸಿ ನುಡಿಸಿದ. ಮೇಲಿನ ಸ್ವರದಿಂದ ಶುರುವಾಯಿತು. ಎರಡು ಸಲ ಧುಂ ಧುಂ, ಒಂದು ಚಿಕ್ಕ ತಡೆ, ಆಮೇಲೆ ಮೆಟ್ಟಿಲಿಳಿದು ಓಡಿಬರುವ ಹುಡುಗಿಯ ಹಾಗೆ ದಡದಡ ಕೆಳಕ್ಕೆ. ನಾಲ್ಕನೇ ಸ್ವರಕ್ಕೇ ಶಕೀಲಾಳ ಮೈ ಝುಂ ಎಂದಿತು. ಇದೇ. ಗೋಡೆಯಾಚೆಯಿಂದ ಬರುತ್ತಿದ್ದದ್ದು ಇದೇ. ರೊಟ್ಟಿಯ ಹಿಟ್ಟಿನ ವಾಸನೆ ಬಂತು, ತಟ್ಟೆಗಳು ಕಿಣಿಕಿಣಿ ಅಂದವು, ಗೋಡೆಯಾಚೆ ಮಗಳು ಕೂತಿದ್ದಳು. ಒಂದು ವರ್ಷ ಒಂದು ತಿಂಗಳ ನಂತರ ಮಗಳು ಮನೆಯಲ್ಲಿ ಇದ್ದಳು. ಶಕೀಲಾ ಗೋಣಿಚೀಲದ ಗೋ‌ಡೆಗೆ ಕೈ ಊರಿ ಕೇಳಿದಳು. ಇಂಥ ಸಂತೋಷ ಇನ್ನೂ ತನ್ನ ಪಾಲಿಗೆ ಉಳಿದಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಹಾಡು ನಿಂತಿತು. ಇಳಿಯುತ್ತಿದ್ದದ್ದು ಮಧ್ಯದಲ್ಲೇ ನಿಂತಿತು.

"ಮುಂದೆ?" ಎಂದಳು.

"ಅಷ್ಟೇ ಇರೋದು ಆಂಟಿ" ಎಂದ ವಿಘ್ನೇಶ. "ಇಷ್ಟೇ ಬರೆದಿದಾಳೆ. ಈ ಕಡೆ ಪುಟಕ್ಕೆ ಗೆರೆ ಎಳೆದಿಟ್ಟಿದಾಳೆ, ಬರೆದಿಲ್ಲ. ಇದು ಅವಳು ಕೊನೇದಾಗಿ ಬರ್ದಿದ್ದು. ಇದಕ್ಕಿಂತ ಹಿಂದಿನ ಹಾಡೆಲ್ಲ ನಮ್ಗೆ ಗೊತ್ತು, ಇದು ಗೊತ್ತಿಲ್ಲ. ಹೊಸಾ ಹಾಡು ಒಂದು ತರ್ತೀನಿ ಅಂದಿದ್ಳು, ಆ ಭಾನುವಾರ ಬರ್ಲೇ ಇಲ್ಲ."

ಶಕೀಲಾ ಬಲಪುಟವನ್ನು ನೋಡಿದಳು. ನಾಲ್ಕು ಗೆರೆ, ಸ್ಕೇಲ್ ಇಟ್ಟು ನೀಟಾಗಿ ಎಳೆದದ್ದು. ಒಂದು ಪುಟಕ್ಕಾಗುವಷ್ಟು ಬರೆಯುವುದು ಬಾಕಿ ಇದೆ ಎಂದು ತಿಳಿದೇ ಎಳೆದದ್ದು.

"ನಾನು ಅಲ್ಲಿ ಇಪ್ಪತ್ತು ಎಣಿಸ್ತಿದ್ದೆ" ಎಂದಳು.

ಇಬ್ಬರಿಗೂ ಅರ್ಥವಾಗಲಿಲ್ಲ. ಸೌಂದರ್ಯಾ ಅವಳ ಕೈ ಹಿಡಿದುಕೊಂಡಳು. ಜಡ್ಡುಗಟ್ಟಿದ ಬೆರಳು ಮುಟ್ಟಿ ಅವಳಿಗೆ ಅಳು ತಡೆಯಲಾಗಲಿಲ್ಲ.

"ಹೆಸರಿದೆಯಲ್ಲ ಆಂಟಿ, ಉಳಿದದ್ದು ನೆಟ್ಟಲ್ಲಿ ಸಿಗುತ್ತೆ" ಎಂದು ವಿಘ್ನೇಶ ಫೋನು ತೆಗೆದ. "ಐದು ನಿಮಿಷ. ನಾನು ಪೂರ್ತಿ ಬರೆದು ನುಡಿಸ್ತೀನಿ, ಕೇಳ್ಕೊಂಡ್ ಹೋಗಿ."

"ಬೇಡ" ಎಂದಳು ಶಕೀಲಾ. "ಈ ಪುಟದಲ್ಲಿ ಬರೀಬೇಡ."

ಚಹಾ ತರಿಸುತ್ತೇವೆ ಎಂದರು. ಬೇಡವೆಂದಳು. ಗಿಟಾರನ್ನು ಅಲ್ಲೇ ಬಿಟ್ಟು, ಬೆಡ್‌ಶೀಟನ್ನು ಮಡಚಿ, ನೋಟ್ ಬುಕ್ಕನ್ನು ಕೈಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ಸೌಂದರ್ಯಾ ಬಸ್ಸು ಹೊರಡುವವರೆಗೂ ಕಿಟಕಿಯ ಕೆಳಗೆ ನಿಂತಿದ್ದಳು.

ಬಸ್ಸಿನಲ್ಲಿ ಶಕೀಲಾಳ ಬೆರಳುಗಳು ಮಡಿಲಿನ ಚೀಲದ ಮೇಲೆ ತಮ್ಮಷ್ಟಕ್ಕೆ ಆಡತೊಡಗಿದವು. ಈ ಸಲ ಎಡದಿಂದ. ಅಂಕೆಗಳು ಅವೇ ಆದ್ದರಿಂದ ಹಿಂದುಮುಂದಾಗಿಯೂ ಬಂದವು. ಧುಂ ಧುಂ, ತಡೆ, ಆಮೇಲೆ ಇಳಿತ. ಮೂವತ್ತೊಂದನೆಯದಕ್ಕೆ ಬಂದು ನಿಂತವು. ಅಲ್ಲಿಂದ ಮುಂದೆ ಅವಳು ಎಣಿಸಲು ನೋಡಿದಳು. ಒಂದು, ಎರಡು ಎನ್ನುವಷ್ಟರಲ್ಲಿ ಅವಳದೇ ದನಿ ಕೇಳಿಸಿತು: ಸಾಕು ನಿಲ್ಸೇ ಅದನ್ನ. ಮತ್ತೆ ಮೊದಲಿನಿಂದ ಶುರು ಮಾಡಿದಳು. ಮತ್ತೆ ಅದೇ ಜಾಗದಲ್ಲಿ ಅದೇ ದನಿ. ಇಷ್ಟು ತಿಂಗಳೂ ಮಗಳ ಜೊತೆ ಕೂತು ಕಾಯುತ್ತಿದ್ದೇನೆ ಎಂದುಕೊಂಡಿದ್ದ ಜಾಗದಲ್ಲಿ ಮಗಳು ಇರಲೇ ಇಲ್ಲ. ಅದು ತಾನೇ ಮಗಳನ್ನು ಎಬ್ಬಿಸಿ ಕಳಿಸಿದ ಜಾಗ. ಎನ್.ಆರ್.ಪುರ ಬರುವವರೆಗೂ ಶಕೀಲಾಗೆ ಅದನ್ನು ದಾಟಲು ಆಗಲಿಲ್ಲ.

ಅಂಗಡಿ ಮುಚ್ಚಿ ಬಸ್ ಸ್ಟ್ಯಾಂಡಿಗೆ ಬಂದಿದ್ದ ಸತ್ತಾರ್ ಅವಳ ಕೈಯಿಂದ ಚೀಲ ಇಸಿದುಕೊಂಡರು. ಬರೀ ಬೆಡ್‌ಶೀಟು ನೋಡಿ ಕೊಟ್ಟು ಬಂದಿದ್ದಾಳೆ ಎಂದು ಗೊತ್ತಾಯಿತು. ಇಬ್ಬರೂ ಮನೆಯ ದಾರಿ ಹಿಡಿದರು.

"ಕೇಳ್ತಾ, ಅವತ್ತಿಂದು?" ಎಂದು ಸತ್ತಾರ್ ಕೇಳಿದರು.

"ಕೇಳ್ತು."

"ಪೂರ್ತಿ?"

"ಪೂರ್ತಿ ಎಲ್ಲಿ" ಎಂದಳು ಶಕೀಲಾ. "ಮಧ್ಯದಲ್ಲಿ ನಾನು ಊಟಕ್ಕೆ ಕರ್ದೆ ಅಲ್ವಾ."